ಮಜ್ಜಿಗೆ ಕುಡಿದ ದಿಬ್ಬ

ಹಿಮ ದಿಬ್ಬಕ್ಕೆ ಬಂದು ನಿಂತರೆ ಅದಕ್ಕೆ ವರ್ಷ ಹೇಳಬೇಕು. ಹಿಂದಿನ ಸಲ ಇದೇ ದಿಬ್ಬದಿಂದ ಎದ್ದು ಹೋಗಿ ಎಷ್ಟು ವರ್ಷವಾಯಿತು ಎಂದು, ಅಂಗೈಯನ್ನು ಅದರ ಮೈಮೇಲಿಟ್ಟು ಗಟ್ಟಿಯಾಗಿ ಹೇಳಬೇಕು. ಸರಿಯಾಗಿ ಹೇಳಿದರೆ ನಿಲ್ಲುತ್ತದೆ, ಒಂದೆರಡು ಬೇಸಿಗೆ ಅಲ್ಲೇ ಕೂತು ದಣಿವಾರಿಸಿಕೊಂಡು ಬೆಟ್ಟಕ್ಕೆ ವಾಪಸು ಹೋಗುತ್ತದೆ. ತಪ್ಪು ಹೇಳಿದರೆ ದಿಬ್ಬ ಹತ್ತಿ ಈಚೆ ಇಳಿಯುತ್ತದೆ. ನಮ್ಮ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಬೆಂಕಿ ಮುಟ್ಟಿದರೆ ಕೈ ಸುಡುತ್ತದೆ ಎಂದು ಯಾರಾದರೂ ಪಾಠ ಮಾಡುತ್ತಾರೆಯೇ?

ದಿಬ್ಬ ಎಂದರೆ ಹಿಮವೇ ತಂದು ಸುರಿದ ಕಲ್ಲುಮಣ್ಣಿನ ರಾಶಿ. ಅದು ಮುಂದೆ ಬರುವಾಗ ಬೆಟ್ಟದ ಬಂಡೆಗಳನ್ನೆಲ್ಲ ತಳ್ಳಿಕೊಂಡು ಬರುತ್ತದೆ, ಹಿಂದೆ ಹೋಗುವಾಗ ಅಲ್ಲೇ ಬಿಟ್ಟು ಹೋಗುತ್ತದೆ. ನಮ್ಮಲ್ಲಿ ಅಂಥವು ಮೂರಿದ್ದವು. ಊರಿನ ಆಚೆಗೆ ಹೊರದಿಬ್ಬ. ಅದರ ವಯಸ್ಸು ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಗೋಜಿಗೂ ಹೋಗಿಲ್ಲ. ಹಿಮ ಅಲ್ಲಿಯ ತನಕ ಬಂದರೆ ವರ್ಷ ಹೇಳುವುದಕ್ಕೆ ಊರೇ ಉಳಿದಿರುವುದಿಲ್ಲ. ಊರಿನ ನೆತ್ತಿಯ ಮೇಲೆ ನಡುದಿಬ್ಬ. ಅದರಾಚೆ, ಹಿಮಕ್ಕೆ ಹತ್ತಿರದಲ್ಲಿ ಒಳದಿಬ್ಬ. ಒಳದಿಬ್ಬದಿಂದ ಹಿಮ ಎದ್ದು ಹೋದದ್ದನ್ನು ನನ್ನ ಅವ್ವ ಕಣ್ಣಾರೆ ಕಂಡಿದ್ದಳು. ಅರವತ್ತೊಂದು ವರ್ಷ. ಮಕ್ಕಳಿಗೂ ಬಾಯಿಪಾಠವಿದ್ದ ಸಂಖ್ಯೆ. ಆದರೆ ಹದಿನೈದು ವರ್ಷದ ಹಿಂದೆ ಪಂಚಾಯಿತಿ ಅಧ್ಯಕ್ಷರಾದ ಅಂದಾನಗೌಡರು ಪಂಚಾಯಿತಿ ಕಟ್ಟೆಯವರೆಗೆ ಒಳ್ಳೆಯ ರಸ್ತೆ ಬೇಕೆಂದು ಒಳದಿಬ್ಬವನ್ನು ಒಡೆಸಿ ಜಲ್ಲಿ ಮಾಡಿಸಿದರು. ಈಗ ಅರವತ್ತೊಂದು ಎಂದು ಹೇಳೋಣವೆಂದರೆ ನಿಂತು ಹೇಳುವುದಕ್ಕೆ ದಿಬ್ಬವೇ ಇಲ್ಲ. ರಸ್ತೆ ಮಾತ್ರ ಚೆನ್ನಾಗಿದೆ.

ಹಾಗಾಗಿ ಎರಡು ಚಳಿಗಾಲದ ಹಿಂದೆ ಹಿಮ ಹೊರಟಾಗ ಅದಕ್ಕೆ ಎದುರಾಗಲು ನಡುದಿಬ್ಬವೊಂದೇ ಉಳಿದಿತ್ತು. ನಡುದಿಬ್ಬ ಬಿಲ್ಲಿನ ಹಾಗೆ ಬಾಗಿದೆ. ಎತ್ತರದ ತುದಿಯ ಕೆಳಗೆ ದೊಡ್ಡಕೇರಿ, ತಗ್ಗಿನ ತುದಿಯ ಕೆಳಗೆ ನಮ್ಮ ಕೇರಿ, ಮೂವತ್ತೆಂಟು ಮನೆ. ಒಂದು ಆಡನ್ನು ಆ ತುದಿಯಿಂದ ಈ ತುದಿಗೆ ಹೊಡೆದುಕೊಂಡು ಬಂದರೆ ಅದರ ಕಾಲು ಒಮ್ಮೆಯೂ ದಿಬ್ಬ ಬಿಟ್ಟು ಕೆಳಗಿಳಿಯುವುದಿಲ್ಲ. ಆದರೂ ದೊಡ್ಡಕೇರಿಯವರ ಪ್ರಕಾರ ಇವು ಎರಡು ದಿಬ್ಬ. ಅವರದು ಮುನ್ನೂರ ನಲವತ್ತು ವರ್ಷದ ಹಳೆಯದು, ನಮ್ಮದು ನೂರೈವತ್ತರ ಎಳೆಯದು. ಹಿಮ ಕೂತಿರುವ ದಿಬ್ಬದ ಬುಡದಲ್ಲಿ ಯಾರೂ ಹೊಸದಾಗಿ ಊರು ಕಟ್ಟುವುದಿಲ್ಲವಾದ್ದರಿಂದ ದಿಬ್ಬದ ವಯಸ್ಸೇ ಮನೆತನದ ವಯಸ್ಸು. ಅವರು ಹದಿನಾಲ್ಕು ತಲೆಮಾರಿನವರು, ನಾವು ನಿನ್ನೆ ಮೊನ್ನೆ ಬಂದವರು. ನಲ್ಲಿಯಲ್ಲಿ ಅವರ ಕೊಡ ತುಂಬಿದ ಮೇಲೆ ನಮ್ಮದು. ಸಭೆಯಲ್ಲಿ ಅವರಿಗೆ ಕುರ್ಚಿ, ನಮಗೆ ನೆಲ. ನಮ್ಮ ಕೇರಿಯ ಹೆಸರೇ ಎಳೆದಿಬ್ಬ.

ನನ್ನ ಹೆಸರು ಫಕೀರವ್ವ. ನನ್ನನ್ನು ನೋಡಲು ಒಮ್ಮೆ ದೊಡ್ಡಕೇರಿಯಿಂದ ಬಂದಿದ್ದರು. ಹುಡುಗ ಒಪ್ಪಿದ, ಅವನ ತಾಯಿಯೂ ಒಪ್ಪಿದಳು. ಸೋದರಮಾವನೊಬ್ಬ ಮಾತ್ರ ಕಿಟಕಿಯಿಂದ ಹೊರಗೆ ನೋಡಿ, ‘ಇದು ಯಾವ ದಿಬ್ಬರೀ?’ ಎಂದು ಗೊತ್ತಿದ್ದೂ ಕೇಳಿದ. ಅಪ್ಪ ಸುಳ್ಳು ಹೇಳಲಿಲ್ಲ. ಅವರು ಅವಲಕ್ಕಿ ತಟ್ಟೆಗಳನ್ನು ಮುಟ್ಟದೆ ಎದ್ದು ಹೋದರು. ಅವ್ವ ಅತ್ತಳು. ನನಗೆ ಸಿಟ್ಟು ಬಂದಿತ್ತು, ಹಸಿವೂ ಆಗಿತ್ತು. ನಾಲ್ಕು ತಟ್ಟೆ ಅವಲಕ್ಕಿಯನ್ನೂ ನಾನೇ ತಿಂದೆ. ಆಮೇಲೆ ನಮ್ಮ ಕೇರಿಯವನನ್ನೇ ಮದುವೆಯಾದೆ. ಒಳ್ಳೆಯವನಿದ್ದ, ಬೇಗ ಹೋದ. ಒಬ್ಬಳು ಮಗಳು, ಬಂಗಾರೆವ್ವ. ಈ ಕತೆ ಶುರುವಾಗುವಾಗ ಅವಳು ಎಂಟು ತಿಂಗಳ ಬಸುರಿ.

ನಾನು ಗೋರಿಕಲ್ಲು ಕೆತ್ತುವವಳು. ಅಪ್ಪನಿಂದ ಬಂದ ಕಸುಬು. ಸತ್ತವರ ಹೆಸರು, ಸತ್ತ ವರ್ಷ, ಕೆಳಗೊಂದು ಬಳ್ಳಿ. ಹೀಗಾಗಿ ಊರಿನಲ್ಲಿ ಯಾವ ಕಲ್ಲು ಯಾವ ವರ್ಷ ಗಾಳಿಬೆಳಕಿಗೆ ಬಂತು ಎಂದು ನನ್ನಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿಲ್ಲ. ಹೊಸ ಕಲ್ಲು ನಿಲ್ಲಿಸಿ ಕೆಲವು ವರ್ಷವಾದ ಮೇಲೆ ಅದಕ್ಕೆ ಕಲ್ಲುಹೂವು ಹಿಡಿಯುತ್ತದೆ. ಮಸಾಲೆಗೆ ಹಾಕುತ್ತೇವಲ್ಲ, ಅದಲ್ಲ. ಇದು ಹಳದಿ, ಸುತ್ತ ಕರಿ ಅಂಚು, ಕಲ್ಲಿಗೆ ಅಂಟಿಕೊಂಡೇ ಹರಡುತ್ತದೆ. ಬಲು ಸೋಮಾರಿ. ಐವತ್ತು ವರ್ಷಕ್ಕೆ ಒಂದು ಬೆರಳಿನ ಅಗಲ, ನೂರಕ್ಕೆ ಎರಡು. ಊರಿನಲ್ಲಿ ದಿಬ್ಬದ ವರ್ಷ ಲೆಕ್ಕ ಹಾಕುವುದೂ ಹೀಗೆಯೇ: ಗೋರಿಕಲ್ಲಿನ ಹೂವು ನೋಡಿ ಅಳತೆ ಕಲಿಯುವುದು, ದಿಬ್ಬದ ಬಂಡೆಯ ಮೇಲಿನ ಅತಿದೊಡ್ಡ ಹೂವಿಗೆ ಬೆರಳಿಡುವುದು. ಆ ಕೆಲಸ ಮುಪ್ಪಣ್ಣನ ಮನೆತನದ್ದು. ಮುಪ್ಪಣ್ಣ ಊರಿನ ವರ್ಷಗಾರ. ಹಿಮಕ್ಕೆ ವರ್ಷ ಹೇಳುವ ಹಕ್ಕು ಅವನೊಬ್ಬನದೇ. ಮನುಷ್ಯ ಸಾಧು, ಗೌಡರ ಎದುರಿಗೆ ಮಾತ್ರ ಬಾಯಿಯಲ್ಲಿ ಕಡುಬು. ದೊಡ್ಡಕೇರಿಯ ಬಂಡೆಯ ಮೇಲಿನ ಹೂವು ಅವನ ಬೆರಳಿಗೆ ಏಳು ಬೆರಳಿಗೆ ಸ್ವಲ್ಪ ಕಡಿಮೆ ಬಂದಿತ್ತು. ಅದೇ ಮುನ್ನೂರ ನಲವತ್ತು. ನಮ್ಮ ಕಡೆ ಅಳೆಯುವಾಗ ಅವನ ಬೆರಳು ದಪ್ಪವಾಗುತ್ತಿತ್ತು, ಮೂರಕ್ಕೆ ಮುಗಿಯುತ್ತಿತ್ತು. ಆದರೂ ಹಿಮ ಯಾವ ತುದಿಗೆ ಬಂದರೂ ಹೇಳಬೇಕಾದದ್ದು ದೊಡ್ಡಕೇರಿಯ ಸಂಖ್ಯೆಯನ್ನೇ ಎಂದು ಗೌಡರ ಅಪ್ಪಣೆಯಾಗಿತ್ತು.

ಕೆಳಗಿನ ಬಯಲಿನ ಊರಿನಿಂದ ಒಂದು ಸಲ ಓದಿದ ಜನ ಬಂದಿದ್ದರು. ಬಂಡೆ ಕೊರೆದು ಚೂರು ತೆಗೆದುಕೊಂಡು, ಈ ಕಲ್ಲು ಆಕಾಶ ನೋಡಲು ಶುರುಮಾಡಿ ಎಷ್ಟು ವರ್ಷವಾಯಿತು ಎಂದು ಕಲ್ಲಿನೊಳಗಿನಿಂದಲೇ ಹೇಳುತ್ತೇವೆ ಎಂದರು. ಅವರ ಕಾಗದ ಒಂದು ವರ್ಷದ ಮೇಲೆ ಬಂತು. ಇನ್ನೂರು, ಹೆಚ್ಚುಕಮ್ಮಿ ನಲವತ್ತು. ಎರಡೂ ತುದಿಗೆ ಒಂದೇ. ಗೌಡರು ಅದನ್ನು ಕಟ್ಟೆಯ ಮೇಲೆ ಓದಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಹೆಚ್ಚುಕಮ್ಮಿ ಅಂತ ಹೇಳಿದ್ರ ಹಿಮ ಹೆಚ್ಚುಕಮ್ಮಿ ನಿಂದ್ರತೈತೇನು?’ ಎಂದರು. ಮಾತು ಸುಳ್ಳಲ್ಲ. ಹಿಮಕ್ಕೆ ಒಂದೇ ಸಂಖ್ಯೆ ಬೇಕು, ಅದೂ ಸರಿಯಾದದ್ದು. ಆದರೆ ‘ಎರಡೂ ತುದಿಗೆ ಒಂದೇ’ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗೌಡರು ಆ ಕಾಗದವನ್ನು ಏನು ಮಾಡಿದರೋ, ಮತ್ತೆ ಕಾಣಲಿಲ್ಲ.

ಹಿಮ ನಡುದಿಬ್ಬಕ್ಕೆ ಇನ್ನೂ ಇನ್ನೂರು ಹೆಜ್ಜೆ ದೂರವಿದ್ದಾಗ ದೊಡ್ಡಕೇರಿಯ ಶಾಂತವೀರವ್ವ ತನ್ನ ಗೋರಿಕಲ್ಲನ್ನು ತಾನೇ ಮಾಡಿಸಲು ಬಂದಳು. ಅಂದಾನಗೌಡರ ಚಿಕ್ಕಮ್ಮ, ಎಂಬತ್ತು ದಾಟಿದವಳು. ಸತ್ತ ಮೇಲೆ ಮಕ್ಕಳು ಅಗ್ಗದ ಕಲ್ಲು ಹಾಕಿಸುತ್ತಾರೆ ಎಂಬ ಗುಮಾನಿ. ದಿನವೂ ಬಂದು ನನ್ನ ಪಕ್ಕದಲ್ಲಿ ಕೂತು ತನ್ನ ಹೆಸರಿನ ಅಕ್ಷರ ನೋಡುತ್ತಿದ್ದಳು. ಒಂದು ದಿನ ಕಲ್ಲನ್ನು ಸವರಿ, ‘ಫಕೀರಿ, ಇದಕ್ಕ ಲಗೂನ ಹೂವು ಹಿಡೀಬೇಕಂದ್ರ ಒಂದ ಸೌಟು ಹುಳಿ ಮಜ್ಜಿಗಿ ಹಾಕಬೇಕವಾ’ ಎಂದಳು.

‘ಮಜ್ಜಿಗಿ? ಯಾರು ಹೇಳಿದ್ರಬೇ ನಿಮಗ?’

‘ನಮ್ಮತ್ತಿ. ಮದುವ್ಯಾಗಿ ಬಂದ ಮರುದಿನಾನ ನಡುದಿಬ್ಬಕ್ಕ ಕರಕೊಂಡ ಹೋಗಿ ತೋರಿಸಿದ್ಲು. ಪ್ರತಿ ಅಮಾಸಿಗೆ ಅಲ್ಲಿ ಕಲ್ಲಿಗೆ ಒಂದ ಸೌಟು. ಹೂವು ದೊಡ್ಡದಾದಷ್ಟು ಮನಿತನ ದೊಡ್ಡದು ನೋಡು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ಲು.’ ಆಮೇಲೆ ನನ್ನ ಮುಖ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ‘ನೀ ಏನು, ಯಾರ ಮುಂದ ಹೇಳ್ತಿ?’

‘ಮತ್ತ ಉಳಿದ ಮನಿಯವರೂ ಹಾಕ್ತಾರೇನ್ರಿ?’

‘ಅವರಿಗೆಲ್ಲಿ ಗೊತ್ತೈತಿ! ಇದು ನಮ್ಮ ಮನೀದ ಗುಟ್ಟು.’

ನನ್ನ ಕೈಯ ಉಳಿ ಜಾರಿ ಅವಳ ಹೆಸರಿನ ‘ವೀ’ ಸ್ವಲ್ಪ ಸೊಟ್ಟಗಾಯಿತು. ಅವಳು ಗಮನಿಸಲಿಲ್ಲ. ಆ ವಾರ ಕೆಲಸದ ನೆವ ಮಾಡಿಕೊಂಡು ದೊಡ್ಡಕೇರಿಯ ಇನ್ನೂ ನಾಲ್ಕು ಮನೆಗೆ ಹೋದೆ. ಮಜ್ಜಿಗೆಯ ಮಾತನ್ನು ಹೇಗೋ ತೆಗೆದೆ. ನಾಲ್ಕೂ ಮನೆಯ ಅತ್ತೆಯರು ಮೊದಲು ಬೆಚ್ಚಿಬಿದ್ದರು, ಆಮೇಲೆ ದನಿ ತಗ್ಗಿಸಿ, ಇದು ನಮ್ಮ ಮನೆಯ ಗುಟ್ಟು, ಎಲ್ಲೂ ಆಡಬೇಡ ಎಂದರು. ಒಬ್ಬೊಬ್ಬರೂ ಒಂದೇ ಸೌಟು. ಐವತ್ತು ಮನೆ, ತಲೆತಲಾಂತರ, ತಿಂಗಳಿಗೊಂದು ಅಮಾವಾಸ್ಯೆ. ಆ ದಿಬ್ಬ ಕುಡಿದಷ್ಟು ಮಜ್ಜಿಗೆಯನ್ನು ನಮ್ಮ ಕೇರಿಯ ಮಕ್ಕಳು ಕುಡಿದಿರಲಿಲ್ಲ. ನಮ್ಮಲ್ಲಿ ಆಕಳು ಇದ್ದದ್ದೇ ಮೂರು ಮನೆಯಲ್ಲಿ. ಕಲ್ಲಿಗೆ ಹಾಕಲು ನಮಗೆ ಮಜ್ಜಿಗೆ ಮಿಕ್ಕಿದ್ದು ಯಾವಾಗ? ನಮ್ಮ ಕಡೆಯ ಹೂವುಗಳು ಮಳೆಗಾಳಿ ತಿಂದೇ ಬೆಳೆದಿದ್ದವು.

ಮರುದಿನ ಬೆಳಿಗ್ಗೆ ದೊಡ್ಡಕೇರಿಯ ಮೇಲಿನ ದಿಬ್ಬಕ್ಕೆ ನೂಲುಂಡೆ ಹಿಡಿದುಕೊಂಡು ಹೋದೆ. ಮುಪ್ಪಣ್ಣ ಅಳೆಯುವ ದೊಡ್ಡ ಬಂಡೆ ಎರಡಾಳು ಎತ್ತರ. ಹೆಂಗಸಿನ ಎದೆಯ ಮಟ್ಟದವರೆಗೆ ಹೂವು ಏಳು ಬೆರಳು. ಬಂಡೆ ಹತ್ತಿ ಅಳೆದರೆ, ತಲೆಯ ಮೇಲೆ ಕೈ ಎಟುಕದ ಕಡೆ, ನಾಲ್ಕು ಬೆರಳಿಗೆ ಒಂದು ನೂಲು ಕಡಿಮೆ. ನಮ್ಮ ತುದಿಗೆ ಬಂದು ಅಳೆದೆ. ಬುಡದಲ್ಲಿಯೂ ನೆತ್ತಿಯಲ್ಲಿಯೂ ಅದೇ, ನಾಲ್ಕಕ್ಕೆ ಒಂದು ನೂಲು ಕಡಿಮೆ. ನಾನು ಅಲ್ಲೇ ಕೂತು ನಕ್ಕೆ, ಆಮೇಲೆ ಅಳು ಬಂತು. ಅಪ್ಪ ಬದುಕಿದ್ದರೆ ಅವನನ್ನು ಕರೆತಂದು ಆ ಬಂಡೆಯ ಮುಂದೆ ನಿಲ್ಲಿಸುತ್ತಿದ್ದೆ. ದಿಬ್ಬ ಒಂದೇ ಆಗಿತ್ತು, ವಯಸ್ಸೂ ಒಂದೇ ಆಗಿತ್ತು. ನೂರ ಎಂಬತ್ತರಿಂದ ನೂರ ತೊಂಬತ್ತೈದರ ಒಳಗೆ ಎಲ್ಲೋ ಇತ್ತು.

ಆದರೆ ‘ಎಲ್ಲೋ’ ಎಂದರೆ ಹಿಮ ಕೇಳುವುದಿಲ್ಲ. ಹೂವಿನಿಂದ ಅದಕ್ಕಿಂತ ಹತ್ತಿರ ಹೋಗಲು ಆಗುವುದಿಲ್ಲ. ಆಗ ಹೊಂಡದ ನೆನಪಾಯಿತು. ನಡುದಿಬ್ಬದ ಒಳಮಗ್ಗುಲಲ್ಲಿ, ನಮ್ಮ ತುದಿಯ ಹಿಂದೆ ಒಂದು ಹೊಂಡವಿದೆ. ಹಿಮ ಎದ್ದು ಹೋದ ವರ್ಷ ಕರಗಿದ ನೀರು ದಿಬ್ಬಕ್ಕೆ ತಡೆದು ನಿಂತು ಆದದ್ದು. ನಮ್ಮ ಕೇರಿಯವರು ಗೋಡೆಗೆ ಬಳಿಯಲು ಅದರ ಮಣ್ಣನ್ನೇ ತರುತ್ತೇವೆ. ಆ ಮಣ್ಣು ಪದರ ಪದರವಾಗಿರುತ್ತದೆ. ಬೇಸಿಗೆಯಲ್ಲಿ ನೀರು ಹರಿದು ಬರುವಾಗ ದಪ್ಪನೆಯ ಬಿಳಿ ಪದರ, ಚಳಿಗಾಲದಲ್ಲಿ ಹೊಂಡ ಹೆಪ್ಪುಗಟ್ಟಿದಾಗ ತೆಳ್ಳನೆಯ ಕರಿ ಪದರ. ಒಂದು ಬಿಳಿ, ಒಂದು ಕರಿ, ಅಲ್ಲಿಗೆ ಒಂದು ವರ್ಷ. ಜೀವಮಾನವೆಲ್ಲ ಆ ಮಣ್ಣನ್ನು ಕಲಸಿ ಗೋಡೆಗೆ ಬಳಿದಿದ್ದೆ, ಎಣಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಹಿಮ ಹೊಂಡದ ಆಚೆ ದಡಕ್ಕೆ ಬಂದಿತ್ತು. ಅದರ ಉಸಿರಿನ ತಂಪು ಮುಖಕ್ಕೆ ಹೊಡೆಯುತ್ತಿತ್ತು, ಒಳಗಿನಿಂದ ಹಲ್ಲು ಕಡಿದಂಥ ಸದ್ದು. ಈಚೆ ದಡದಲ್ಲಿ, ಯಾರೂ ಮಣ್ಣು ತೆಗೆಯದ ಕಡೆ, ಗುದ್ದಲಿಯಿಂದ ಗುಂಡಿ ತೋಡಿದೆ. ಒಂದೂವರೆ ಮೊಳ ಆಳಕ್ಕೆ ಪದರ ನಿಂತು ಬರಿಯ ಜಲ್ಲಿ ಸಿಕ್ಕಿತು, ಅಂದರೆ ಹಿಮ ಕೂತಿದ್ದ ನೆಲ. ಮೇಲಿನಿಂದ ಕೆಳಗಿನವರೆಗೆ ಒಂದು ದಿಮ್ಮಿಯಂತೆ ಮಣ್ಣನ್ನು ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿದೆ. ಎರಡು ದಿನದ ಮೇಲೆ ನೋಡಿದಾಗ ಆ ಗುಂಡಿಯ ಮೇಲೆ ಹಿಮ ಕೂತಿತ್ತು.

ಪಡಸಾಲೆಯಲ್ಲಿ ಮಣ್ಣಿನ ದಿಮ್ಮಿ ಮಲಗಿಸಿ ನಾನೂ ಬಂಗಾರೆವ್ವನೂ ದಬ್ಬಳ ಹಿಡಿದು ಎಣಿಸಲು ಕೂತೆವು. ನನಗೆ ನೂರ ಎಂಬತ್ತಾರು ಬಂತು, ಅವಳಿಗೆ ನೂರ ಎಂಬತ್ತೆಂಟು. ಮತ್ತೆ ಎಣಿಸಿದೆವು. ನನಗೆ ಎಂಬತ್ತೇಳು, ಅವಳಿಗೆ ಎಂಬತ್ತೆಂಟು.

‘ಯವ್ವಾ, ಇಲ್ಲಿ ನೋಡ. ಈ ಕರೀ ಗೆರಿ ಅರ್ಧಕ್ಕ ನಿಂತೈತಿ. ಇದನ್ನ ನಾ ಎಣಿಸೀನಿ, ನೀ ಬಿಟ್ಟೀದಿ.’

‘ಅದು ವರ್ಷ ಅಲ್ಲ. ನಡುಬ್ಯಾಸಿಗ್ಯಾಗ ಒಮ್ಮೆ ಹೆಪ್ಪುಗಟ್ಟಿರಬೇಕು. ಚಳಿಗಾಲದ ಗೆರಿ ಆದ್ರ ಈ ಅಂಚಿನಿಂದ ಆ ಅಂಚಿನತನಕ ಇರಬೇಕಲ್ಲ.’

ಅವಳು ದಿಮ್ಮಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದಳು. ಅಲ್ಲಿ ಆ ಗೆರೆ ಇರಲೇ ಇಲ್ಲ. ಮೂರನೆಯ ಸಲ ಇಬ್ಬರಿಗೂ ನೂರ ಎಂಬತ್ತೇಳು. ನಾಲ್ಕನೆಯ ಸಲವೂ ಅದೇ. ಬಂಗಾರೆವ್ವ ದಬ್ಬಳ ಕೆಳಗಿಟ್ಟು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ‘ಮುಪ್ಪಣ್ಣ ಮುನ್ನೂರಾ ನಲವತ್ತು ಅಂದ್ರ ಹಿಮ ಮೊದಲು ಯಾವ ಕಡೆ ಇಳೀತೈತಿ, ಯವ್ವಾ?’ ಎಂದಳು. ಉತ್ತರ ಅವಳಿಗೂ ಗೊತ್ತಿತ್ತು. ತಗ್ಗಿನ ಕಡೆ.

ಮರುದಿನ ಪಂಚಾಯಿತಿ ಕಟ್ಟೆಗೆ ಹೋದೆ. ಹಿಮ ಹತ್ತಿರ ಬಂದಿದ್ದರಿಂದ ಸಭೆ ಕೂಡಿತ್ತು. ಗಂಡಸರು ಕುರ್ಚಿಯ ಮೇಲೆ, ಹೆಂಗಸರು ಮೆಟ್ಟಿಲ ಹತ್ತಿರ. ನಾನು ನೆಲದ ಮೇಲೆ ಕೂರದೆ ನಡುವೆ ಹೋಗಿ ನಿಂತೆ.

‘ಗೌಡ್ರ, ಮುನ್ನೂರಾ ನಲವತ್ತು ತಪ್ಪು. ನೂರಾ ಎಂಬತ್ತೇಳು ಅಂತ ಹೇಳಸ್ರಿ.’

ಗೌಡರು ಮುಪ್ಪಣ್ಣನ ಕಡೆ ನೋಡಿದರು. ಮುಪ್ಪಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ‘ಯಾರು ಹೇಳಿದ್ದು ನಿನಗ?’ ಎಂದರು ಗೌಡರು.

‘ನಿಮ್ಮ ದಿಬ್ಬದ ಕಲ್ಲ ಹೇಳ್ತೈತ್ರಿ. ಎದೀಮಟ ಏಳು ಬೆರಳು, ತಲೀ ಮ್ಯಾಲ ನಾಲ್ಕು ಬೆರಳು. ಒಂದ ಕಲ್ಲಿಗೆ ಎರಡು ವಯಸ್ಸು ಹೆಂಗ್ರಿ? ಕೈ ಎಟುಕುವಷ್ಟು ಜಾಗಕ್ಕ ಮಜ್ಜಿಗಿ ಬಿದ್ದೈತಿ.’

ಗಂಡಸರಿಗೆ ಏನೂ ಅರ್ಥವಾಗಲಿಲ್ಲ. ಮಜ್ಜಿಗೆಗೂ ವರ್ಷಕ್ಕೂ ಎತ್ತಣ ಸಂಬಂಧ ಎಂದು ಒಬ್ಬರನ್ನೊಬ್ಬರು ಕೇಳಿದರು. ಮೆಟ್ಟಿಲ ಬಳಿ ಮಾತ್ರ ಗಪ್‌ಚಿಪ್. ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವರಂತೆ ಹತ್ತು ಹನ್ನೆರಡು ಹೆಂಗಸರು ಒಟ್ಟಿಗೇ ಸೆರಗು ಸರಿಮಾಡಿಕೊಂಡರು. ಶಾಂತವೀರವ್ವ ಪಕ್ಕದವಳನ್ನು ನೋಡಿದಳು, ಪಕ್ಕದವಳು ಅವಳನ್ನು. ಅದು ಬರಿಯ ತಮ್ಮ ಮನೆಯ ಗುಟ್ಟಲ್ಲ ಎಂದು ಅವರಿಗೆ ಅವತ್ತೇ ತಿಳಿದದ್ದು.

ಮಣ್ಣಿನ ಪದರದ ಸಂಗತಿಯನ್ನೂ ಹೇಳಿದೆ. ಗೌಡರು ತಾಳ್ಮೆಯಿಂದಲೇ ಕೇಳಿದರು. ಆಮೇಲೆ, ‘ಹದಿನಾಲ್ಕು ತಲಿಮಾರು ಇಲ್ಲೇ ಅದೀವಿ ನಾವು. ನೂರಾ ಎಂಬತ್ತೇಳು ಅಂದ್ರ ಏಳ ತಲಿಮಾರು ಆತು. ಉಳಿದ ಏಳು ಮಂದಿ ಹಿರೇರು ಎಲ್ಲಿ ಹುಟ್ಟಿದ್ರು? ಹಿಮದಾಗೇನು?’ ಎಂದರು.

‘ಅದನ್ನ ನಿಮ್ಮ ಹಿರೇರನ್ನ ಕೇಳ್ರಿ. ನನ್ನ ಯಾಕ ಕೇಳ್ತೀರಿ?’

‘ಎಳೆದಿಬ್ಬದಾಕಿ ಅನ್ನೋದು ಮಾತಿನಾಗ ಗೊತ್ತಾಗತೈತಿ ನೋಡ್ರಿ,’ ಎಂದು ಗೌಡರು ಸಭೆಗೆ ಹೇಳಿದರು. ಸಭೆ ನಕ್ಕಿತು. ‘ನಿನ್ನ ಮಾತು ಕೇಳಿ ತಪ್ಪಾದ್ರ ಊರಿಗೆ ಊರ ನಿನ್ನ ತಲೀ ಮ್ಯಾಲ ಬರತೈತಿ, ಫಕೀರವ್ವ.’

‘ಊರು ಈಗರ ಎಲ್ಲಿ ಐತ್ರಿ? ಹುಟ್ಟಿದಾಗಿಂದ ನಮ್ಮ ತಲೀ ಮ್ಯಾಲ ಐತಿ,’ ಎಂದು ಹೇಳಿ ಬಂದುಬಿಟ್ಟೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ನಾಲ್ಕು ಸಲ ಎಣಿಸಿದ ಲೆಕ್ಕವೂ ತಪ್ಪಿದ್ದರೆ ಎಂದು ಮನಸ್ಸು ಕುಟುಕುತ್ತಿತ್ತು.

ಹಿಮ ನಡುದಿಬ್ಬಕ್ಕೆ ಎದೆಯಿಟ್ಟದ್ದು ಒಂದು ಗುರುವಾರ, ಬೆಳಗಿನ ಒಲೆ ಹಚ್ಚುವ ಹೊತ್ತಿಗೆ. ಊರೆಲ್ಲ ದಿಬ್ಬದ ಕೆಳಗೆ ಸೇರಿತು. ಮುಪ್ಪಣ್ಣ ಮಡಿ ಉಟ್ಟು, ರುಮಾಲು ಸುತ್ತಿ ನಮ್ಮ ತುದಿಯಲ್ಲಿಯೇ ಹತ್ತಿದ, ಏಕೆಂದರೆ ಹಿಮ ಮೊದಲು ತಾಗಿದ್ದು ಅಲ್ಲಿಯೇ. ಅಂಗೈಯಿಟ್ಟು, ‘ನೀನು ಇಲ್ಲಿಂದ ಎದ್ದು ಹೋಗಿ ಮುನ್ನೂರಾ ನಲವತ್ತು ವರ್ಷ ಆತು,’ ಎಂದ. ಆಮೇಲೆ ದಿಬ್ಬದ ನೆತ್ತಿಯ ಕಲ್ಲುಗಳು ಒಂದೊಂದಾಗಿ ಈಚೆ ಉರುಳತೊಡಗಿದವು. ಮುಪ್ಪಣ್ಣ ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದ. ಕೆಳಗಿನಿಂದ ಗೌಡರು, ‘ಜೋರಲೆ ಹೇಳೋ, ಅದಕ್ಕ ಕಿವಿ ಮಂದ ಐತಿ!’ ಎಂದು ಕೂಗಿದರು. ಮೂರನೆಯ ಸಲ ಹೇಳುವಷ್ಟರಲ್ಲಿ ಗಾಡಿಯಷ್ಟು ದೊಡ್ಡ ಬಂಡೆಯೊಂದು ಉರುಳಿ ನಮ್ಮ ಕೇರಿಯ ಮೊದಲ ಮನೆಯ ಗೋಡೆಯನ್ನು ಒಳಕ್ಕೆ ತಳ್ಳಿತು. ಮನೆಯಲ್ಲಿ ಯಾರೂ ಇರಲಿಲ್ಲ. ಎರಡನೆಯ ಮನೆ ನನ್ನದು. ಬಂಗಾರೆವ್ವ ಅಂಗಳದಲ್ಲಿ ನಿಂತಿದ್ದಳು.

ನಾನು ಹತ್ತತೊಡಗಿದೆ. ಗೌಡರ ಇಬ್ಬರು ಆಳುಗಳು ಅಡ್ಡ ಬಂದರು. ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆಯಿತ್ತು. ಎತ್ತಲಿಲ್ಲ, ಇದೆ ಎಂದು ತೋರಿಸಿದೆ. ದಾರಿ ಬಿಟ್ಟರು. ಮೇಲೆ ಮುಪ್ಪಣ್ಣನ ಮುಖ ಸುಣ್ಣದ ಹಾಗಿತ್ತು. ‘ನನಗೂ ಅನುಮಾನ ಇತ್ತವಾ, ಫಕೀರವ್ವ,’ ಎಂದ.

‘ಇದ್ರ ಸರಕೊಂಡ ನಿಂದ್ರ.’

ಅವನು ಸರಿದ. ಹಿಮದ ಮೇಲೆ ಅಂಗೈಯಿಟ್ಟೆ. ಚರ್ಮ ಅಂಟಿಕೊಂಡಿತು. ನನಗೆ ಬಂದದ್ದು ಭಕ್ತಿಯಲ್ಲ, ಕೋಪ. ಗೌಡರ ಮೇಲೆ ಇದ್ದದ್ದು, ಅವಲಕ್ಕಿ ಬಿಟ್ಟು ಎದ್ದುಹೋದವರ ಮೇಲೆ ಇದ್ದದ್ದು, ಎಲ್ಲವೂ ಸೇರಿ ಬಾಯಿಗೆ ಬಂತು. ‘ಕೇಳಿಲ್ಲಿ. ನೀ ಇಲ್ಲಿಂದ ಎದ್ದ ಹೋಗಿ ನೂರಾ ಎಂಬತ್ತೇಳು ವರ್ಷ ಆತು. ಈ ತುದಿಗೂ ಅಷ್ಟ, ಆ ತುದಿಗೂ ಅಷ್ಟ. ಇನ್ನೊಂದು ಗೇಣು ಮುಂದ ಬಂದ್ರ ನಿಂದು ತಪ್ಪು, ನಂದಲ್ಲ.’

ಹಿಮ ನಿಂತಿತು. ಉರುಳುತ್ತಿದ್ದ ಕೊನೆಯ ಕಲ್ಲು ಅರ್ಧ ಇಳಿಜಾರಿನಲ್ಲಿ ತಡೆದುಕೊಂಡಿತು. ಹಿಮದ ಒಳಗಿನ ಕಟಕಟ ಸದ್ದು ತಗ್ಗುತ್ತ ತಗ್ಗುತ್ತ ಇಲ್ಲವಾಯಿತು. ಕೈ ಕಿತ್ತುಕೊಂಡಾಗ ಅಂಗೈಯ ಚರ್ಮ ಸ್ವಲ್ಪ ಅಲ್ಲೇ ಉಳಿಯಿತು. ಕೆಳಗೆ ನಮ್ಮ ಕೇರಿಯವರು ಕೇಕೆ ಹಾಕಿದರು. ದೊಡ್ಡಕೇರಿಯವರು ತಮ್ಮ ತಮ್ಮ ಗಂಟುಮೂಟೆ ಎತ್ತಿಕೊಂಡು ಮನೆಗೆ ನಡೆದರು. ಅವರ ಮನೆಗಳೂ ಉಳಿದಿದ್ದವು, ಆದರೆ ಯಾರ ಮುಖದಲ್ಲಿಯೂ ಗೆಲುವಿರಲಿಲ್ಲ.

ಒಂದು ವಾರ ಯಾರೂ ಆ ಮಾತೆತ್ತಲಿಲ್ಲ. ಎರಡನೆಯ ವಾರ ಹೊಸ ಕತೆ ಹುಟ್ಟಿತ್ತು. ಮುಪ್ಪಣ್ಣ ಮೂರು ಸಲ ಹೇಳಿದ್ದ, ದೊಡ್ಡ ಮೈಯಲ್ಲವೇ, ಹಿಮಕ್ಕೆ ಮಾತು ಒಳಗಿಳಿಯಲು ಹೊತ್ತು ಹಿಡಿಯಿತು, ಅದು ನಿಲ್ಲುವ ಹೊತ್ತಿಗೆ ಸರಿಯಾಗಿ ಫಕೀರವ್ವ ಹತ್ತಿದಳು, ಅಷ್ಟೇ. ಮೂರನೆಯ ವಾರ ಪಂಚಾಯಿತಿಯವರು ನಮ್ಮ ತುದಿಯಲ್ಲಿ, ಹಿಮ ನಿಂತ ಜಾಗದ ಕೆಳಗೆ, ಒಂದು ಫಲಕ ನಿಲ್ಲಿಸಿದರು. ಅನಾವರಣ ಸಮಾರಂಭವಂತೆ. ಶಾಮಿಯಾನ, ಮೈಕ್‌ಸೆಟ್ಟು, ಬಾಳೆಯ ಕಂಬ. ಆಮಂತ್ರಣ ಹಿಡಿದು ಗೌಡರೇ ನಮ್ಮ ಮನೆಗೆ ಬಂದರು. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಎಂದರು. ನಮ್ಮ ಕೇರಿಯವರು ಯಾರೂ ಅಂದಿನವರೆಗೆ ಆ ಸಾಲಿನಲ್ಲಿ ಕೂತಿರಲಿಲ್ಲ.

‘ಫಲಕದಾಗ ಏನು ಬರಸೀರಿ?’ ಎಂದು ಕೇಳಿದೆ.

‘ಬಂದಾಗ ನೋಡುವಂತಿ. ಜಗಳ ಬ್ಯಾಡವಾ ಇನ್ನ. ಕುರ್ಚಿ ಸಿಕ್ಕತಲ್ಲ, ಸಾಕು ಮಾಡು.’

ಹೋದೆ. ಬಂಗಾರೆವ್ವನೂ ಬಂ‌ದಳು, ಅವಳಿಗೆ ತಿಂಗಳು ತುಂಬಿತ್ತು, ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ, ನಿಂತೇ ಇದ್ದಳು. ನಾನು ನನ್ನ ಕುರ್ಚಿಯನ್ನು ಅವಳಿಗೆ ಕೊಟ್ಟು, ಪಕ್ಕದಲ್ಲಿ ಖಾಲಿಯಿದ್ದ ತಹಶೀಲ್ದಾರರ ಕುರ್ಚಿಯಲ್ಲಿ ಕೂತೆ. ಸ್ವಾಗತ ಆಯಿತು, ಹಾರ ಆಯಿತು. ಮುಪ್ಪಣ್ಣನಿಗೆ ಶಾಲು ಹೊದಿಸಿದರು, ಅವನು ತಲೆ ಎತ್ತಲಿಲ್ಲ. ಗೌಡರು ಪರದೆ ಸರಿಸಿ ಮೈಕ್ ಹಿಡಿದು ಫಲಕವನ್ನು ಓದತೊಡಗಿದರು. ಮಾತು ಗ್ರಾಂಥಿಕವಾಗಿತ್ತು. ‘ಈ ಸ್ಥಳದಲ್ಲಿ ಹಿಮವು ಮುನ್ನೂರ ನಲವತ್ತು ವರ್ಷಗಳ ತರುವಾಯ ಮರಳಿ ಬಂದು…’

ಅವರ ತಲೆಯ ಮೇಲೆ, ದಿಬ್ಬದ ನೆತ್ತಿಯಲ್ಲಿ, ಹಿಮ ಹಲ್ಲು ಕಡಿಯಿತು. ಯಾರ ಅಂಗೈಯೂ ಅದರ ಮೇಲಿರಲಿಲ್ಲ, ಆದರೆ ಮೈಕಿನ ದನಿ ಅಲ್ಲಿಯವರೆಗೂ ಮುಟ್ಟಿತ್ತು. ಮೈಕಿನಲ್ಲಿ ಆ ಸದ್ದು ಎರಡು ಪಟ್ಟು ಕೇಳಿಸಿತು. ಅರ್ಧದಲ್ಲಿ ತಡೆದು ನಿಂತಿದ್ದ ಕಲ್ಲು ಮತ್ತೆ ಹೊರಟು ಬಂದು ಶಾಮಿಯಾನದ ಹಿಂದಿನ ಕಂಬವನ್ನು ಮುರಿಯಿತು. ಜನ ಎದ್ದು ನಿಂತರು. ನೆತ್ತಿಯಲ್ಲಿ ನೀಲಿಯ ಅಂಚು ಒಂದು ಗೇಣು ಹೊರಗೆ ಚಾಚಿಕೊಂಡಿತು.

ಗೌಡರು ಮುಪ್ಪಣ್ಣನ ಕಡೆ ತಿರುಗಿದರು. ಮುಪ್ಪಣ್ಣ ಶಾಲು ತೆಗೆದು ಮಡಿಸಿ ಅವರ ಕುರ್ಚಿಯ ಮೇಲಿಟ್ಟ. ಗೌಡರು ನನ್ನ ಕಡೆ ತಿರುಗಿದರು. ಇಡೀ ಶಾಮಿಯಾನ ನನ್ನ ಕಡೆ ತಿರುಗಿತು.

‘ಫಕೀರವ್ವ, ಹೇಳವಾ. ಲಗೂನ ಹೇಳು.’

ನಾನು ಎದ್ದೇಳಲಿಲ್ಲ. ಪಕ್ಕದಲ್ಲಿ ಬಂಗಾರೆವ್ವನ ಕೈ ನನ್ನ ಕೈಯನ್ನು ಹಿಡಿದಿತ್ತು, ಬಿಗಿಯಾಗಿ. ಹಿಮ ಇಳಿದರೆ ಮೊದಲು ಇಳಿಯುವುದು ನಮ್ಮಿಬ್ಬರ ಮೇಲೆಯೇ ಎಂದು ನನಗೆ ಗೊತ್ತಿತ್ತು. ಅವಳ ಮುಖ ನೋಡಿದೆ. ಅವಳು ಬೇಡ ಎನ್ನಲಿಲ್ಲ. ಎಳೆದಿಬ್ಬದ ಹುಡುಗಿ.

‘ನಾ ಒಮ್ಮೆ ಹೇಳೀನ್ರಿ,’ ಎಂದೆ. ‘ಅವತ್ತು ಹಿಮಕ್ಕ ಕೇಳಿಸ್ತು, ನಿಮಗ ಕೇಳಿಸಲಿಲ್ಲ. ಮೈಕ್ ನಿಮ್ಮ ಕೈಯಾಗ ಐತಿ. ನಿಮ್ಮ ಬಾಯಿಲೆ ಬರಲಿ.’

ಇನ್ನೊಂದು ಕಲ್ಲು ಉರುಳಿತು. ಬದಿಗೆ ನಿಂತಿದ್ದ ಹೆಂಗಸರ ನಡುವಿನಿಂದ ಶಾಂತವೀರವ್ವನ ದನಿ ಬಂತು: ‘ಹೇಳೋ ಅಂದಾನಿ, ಸಾಯಿಸ್ತಿಯೇನು ಎಲ್ಲಾರನ್ನೂ? ಮಜ್ಜಿಗಿ ಹಾಕಿದಾಕಿ ನಾನ!’ ಅವಳ ಹಿಂದೆಯೇ ಇನ್ನೊಬ್ಬಳು, ‘ನಾನೂ ಹಾಕೀನಿ,’ ಎಂದಳು. ಮತ್ತೊಬ್ಬಳು. ಮತ್ತೊಬ್ಬಳು.

ಗೌಡರು ಮೈಕನ್ನು ಬಾಯಿಯ ಹತ್ತಿರ ತಂದರು. ಗಂಟಲು ಸರಿಮಾಡಿಕೊಂಡರು. ದಿಬ್ಬದ ಮೇಲಿನ ಅಂಚನ್ನೂ ಫಲಕವನ್ನೂ ಒಮ್ಮೆ ನೋಡಿದರು. ‘ನೂರಾ ಎಂಬತ್ತೇಳು,’ ಎಂದರು. ದನಿ ಮೈಕಿನಲ್ಲಿಯೂ ಸಣ್ಣಗೆ ಬಂತು, ಆದರೆ ಬಂತು. ಹಿಮದ ಸದ್ದು ನಿಂತಿತು. ಜನ ಕೂತರು.

ಗೌಡರು ಹಣೆ ಒರೆಸಿಕೊಂಡು ಮೈಕ್ ಕೆಳಗಿಡಲು ಹೊರಟರು. ನಾನು ಆಗ ಎದ್ದು ನಿಂತು ಹಿಂದಕ್ಕೆ ತಿರುಗಿ ನೋಡಿದೆ. ಶಾಮಿಯಾನದ ಕೊನೆಯಲ್ಲಿ, ನೆಲದ ಮೇಲೆ, ನಮ್ಮ ಕೇರಿಯ ಮೂವತ್ತೆಂಟು ಮನೆಯವರೂ ಕೂತಿದ್ದರು.

‘ಗೌಡ್ರ, ಹಿಮಕ್ಕ ಕೇಳಿಸ್ತು,’ ಎಂದೆ. ‘ಹಿಂದ ನೆಲದ ಮ್ಯಾಲ ಕುಂತವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳ್ರಿ. ಎರಡೂ ತುದಿಗೆ ಅಂತ ಸೇರಿಸಿ ಹೇಳ್ರಿ.’

ಅವರು ಹೇಳಿದರು.